ಗಾಳದ ದಾರದ ಕೊನೆಯ ನಾಲ್ಕು ಅಡಿ

ನಾಲ್ಕನೇ ಜ್ವರದಿಂದ ಎದ್ದ ರೇಷ್ಮೆಹುಳು ವಾರವಿಡೀ ಹಗಲಿರುಳೆನ್ನದೆ ಸೊಪ್ಪು ಮೇಯುತ್ತದೆ. ಆಮೇಲೆ ಮೇವು ಬಿಟ್ಟು ಹಣ್ಣಾಗುತ್ತದೆ. ಶಿಡ್ಲಘಟ್ಟದ ಕಡೆಯ ಮನೆಯಾದರೆ ಆ ಹಣ್ಣು ಹುಳುವನ್ನು ಆಯ್ದು ಚಂದ್ರಿಕೆಗೆ ಬಿಡುತ್ತಾರೆ. ಅದು ಗೂಡು ಕಟ್ಟುತ್ತದೆ, ಗೂಡು ಮಾರುಕಟ್ಟೆಗೆ ಹೋಗುತ್ತದೆ. ಸ್ಪೇನ್ ದೇಶದ ಮುರ್ಸಿಯಾ ಸೀಮೆಯಲ್ಲಿ ಒಂದು ಕಾಲಕ್ಕೆ ಇದೇ ಹಂತದ ಹುಳುವನ್ನು ವಿನೆಗರಿನಲ್ಲಿ ಮುಳುಗಿಸುತ್ತಿದ್ದರು. ನೆನೆದು ಸತ್ತ ಹುಳುವನ್ನು ಕೈಯಲ್ಲೇ ಹರಿದು, ಒಳಗಿನ ಎರಡು ರೇಷ್ಮೆ ಗ್ರಂಥಿಗಳನ್ನು ಹೊರಗೆ ತೆಗೆದು, ಎರಡೂ ತುದಿ ಹಿಡಿದು ನಿಧಾನಕ್ಕೆ ಜಗ್ಗುತ್ತಿದ್ದರು. ನೂರಾರು ಮೀಟರ್ ನೂಲಾಗಬೇಕಿದ್ದ ದ್ರವ ಒಂದು, ಒಂದೂವರೆ ಅಡಿ ಉದ್ದದ ಗಟ್ಟಿ ಎಳೆಯಾಗಿ ನಿಲ್ಲುತ್ತಿತ್ತು. ಒಣಗಿಸಿ, ಸೋಪಿನ ನೀರಿನಲ್ಲಿ ಕುದಿಸಿ, ಮೇಲಿನ ಹಳದಿ ಪೊರೆ ಉಜ್ಜಿ ತೆಗೆದರೆ ಬೆಳಕು ಹಾಯುವಷ್ಟು ತಿಳಿಯಾದ ಎಳೆ. ಗಾಯ ಹೊಲಿಯಲು ಶಸ್ತ್ರವೈದ್ಯರು ಇದನ್ನು ಕೊಳ್ಳುತ್ತಿದ್ದರು. ಗಾಳದ ತುದಿಗೆ ಕಟ್ಟಲು ಇಂಗ್ಲೆಂಡ್, ಅಮೆರಿಕದ ಟ್ರೌಟ್ ಬೇಟೆಗಾರರು ಕೊಳ್ಳುತ್ತಿದ್ದರು. ಈಗ ಆ ಜಾಗದಲ್ಲಿ ನೈಲಾನ್ ಮತ್ತು ಫ್ಲೋರೋಕಾರ್ಬನ್ ಎಂಬ ಎರಡು ಪ್ಲಾಸ್ಟಿಕ್ಕುಗಳಿವೆ. ಇವೆರಡರಲ್ಲಿ ಯಾವುದು, ಎಷ್ಟು ತೆಳುವಿನದು, ಎಷ್ಟು ಉದ್ದದ್ದು ಎಂಬ ಚರ್ಚೆ ಗಾಳದವರು ಇಬ್ಬರು ಕೂತಲ್ಲೆಲ್ಲ ಇನ್ನೂ ನಡೆದೇ ಇದೆ.

ಆ ಟ್ರೌಟ್ ಬೇಟೆಗಾರರು ಆಡುವ ಡ್ರೈ ಫ್ಲೈ ಬೇಟೆ ನಮ್ಮ ಹೊಳೆಬದಿಯ ಗಾಳದಂತಲ್ಲ. ನಮ್ಮಲ್ಲಿ ಗಾಳಕ್ಕೆ ಎರೆಹುಳವೋ ಹಿಟ್ಟಿನ ಉಂಡೆಯೋ ಸಿಕ್ಕಿಸಿ, ಸೀಸದ ಗುಂಡು ಕಟ್ಟಿ ಎಸೆಯುತ್ತಾರೆ. ಕಾವೇರಿಯ ಭೀಮೇಶ್ವರಿ, ಗಾಲಿಬೋರೆಯ ಶಿಬಿರಗಳಲ್ಲಿ ಮಹಶೀರ್ ಹಿಡಿದು ಬಿಡುವ ಕ್ರೀಡೆ ನಡೆಯುತ್ತಿದ್ದಾಗ ರಾಗಿ ಹಿಟ್ಟು ಬೇಯಿಸಿ ಕಟ್ಟಿದ ಉಂಡೆಗೇ ಹೆಸರು ಹೆಚ್ಚು. ಅಲ್ಲಿ ದಾರಕ್ಕೆ ಇರಬೇಕಾದ ಗುಣ ಒಂದೇ: ಬಂಡೆಗೆ ಉಜ್ಜಿದರೂ ಹರಿಯಬಾರದು. ಡ್ರೈ ಫ್ಲೈಯಲ್ಲಿ ಹಾಗಲ್ಲ. ಸಣ್ಣ ಮುಳ್ಳಿಗೆ ಕೋಳಿಪುಕ್ಕ, ಮೊಲದ ಕೂದಲು ಸುತ್ತಿ ಮೇಫ್ಲೈಯಂಥ ಹುಳುವಿನ ಆಕಾರ ಕೊಟ್ಟಿರುತ್ತಾರೆ. ಅದು ನೀರಿನ ಮೇಲೆ ತೇಲಬೇಕು. ತೂಕವೇ ಇಲ್ಲದ ಇದನ್ನು ಎಸೆಯುವುದು ಅಸಾಧ್ಯ. ಹಾಗಾಗಿ ಎಸೆಯುವುದು ದಾರವನ್ನು. ಹೆಚ್ಚುಕಡಿಮೆ ಒಂದು ಮಿಲಿಮೀಟರ್ ದಪ್ಪದ, ಪ್ಲಾಸ್ಟಿಕ್ ಲೇಪನವಿರುವ ಫ್ಲೈ ಲೈನ್ ತನ್ನ ತೂಕದಿಂದ ಗಾಳಿಯಲ್ಲಿ ಹಾರುತ್ತದೆ, ಹುಳು ಅದರ ಬಾಲ ಹಿಡಿದು ಹೋಗುತ್ತದೆ.

ಆ ದಪ್ಪ ದಾರಕ್ಕೇ ಹುಳುವನ್ನು ಕಟ್ಟಿದರೆ ಮೀನು ಓಡಿಹೋಗುತ್ತದೆ. ಮಧ್ಯೆ ಲೀಡರ್ ಬೇಕಾಗುವುದು ಇದಕ್ಕೇ. ಸಾಮಾನ್ಯವಾಗಿ ಒಂಬತ್ತು ಅಡಿ ಉದ್ದ. ಲೈನಿಗೆ ಅಂಟಿದ ಬುಡದಲ್ಲಿ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ದಪ್ಪ, ಹುಳುವಿನ ಕಡೆಗೆ ಕಾಲು ಮಿಲಿಮೀಟರಿಗಿಂತಲೂ ತೆಳು. ದನ ಹೊಡೆಯುವ ಬಾರುಕೋಲು ಹಿಡಿಯ ಕಡೆ ದಪ್ಪಗಿದ್ದು ತುದಿಗೆ ಬರುಬರುತ್ತ ಸಪೂರವಾಗುವುದು ಯಾವ ಕಾರಣಕ್ಕೋ, ಇದೂ ಅದೇ ಕಾರಣಕ್ಕೆ: ಕೈಯ ಬಲ ಮಧ್ಯದಲ್ಲಿ ಸೋರಿಹೋಗದೆ ತುದಿಯವರೆಗೆ ಸಾಗಬೇಕು, ಸಾಗಿ ಅಲ್ಲಿ ತೀರಬೇಕು. ಲೀಡರಿನ ಕೊನೆಯ ತುಂಡಿಗೆ ಟಿಪ್ಪೆಟ್ ಎನ್ನುತ್ತಾರೆ. ಅದು ಉದ್ದಕ್ಕೂ ಒಂದೇ ಗಾತ್ರ. ಹುಳು ಬದಲಿಸಿದಾಗಲೆಲ್ಲ ಎರಡು ಬೆರಳಷ್ಟು ಸವೆಯುತ್ತದೆ, ಮತ್ತೆ ಸುರುಳಿಯಿಂದ ಬಿಚ್ಚಿ ಕಟ್ಟಿಕೊಳ್ಳಬೇಕು. ಗಾಳದವರ ಅಂಗಿಯ ಜೇಬಿಗೆ ಹಗ್ಗ ಕಟ್ಟಿ ನೇತುಹಾಕಿಕೊಂಡ ಬಣ್ಣಬಣ್ಣದ ಪುಟ್ಟ ಗಾಲಿಗಳಲ್ಲಿ ಇರುವುದು ಇದೇ.

ಆ ಗಾಲಿಗಳ ಮೇಲೆ 4ಎಕ್ಸ್, 5ಎಕ್ಸ್, 6ಎಕ್ಸ್ ಎಂದು ಅಚ್ಚಾಗಿರುತ್ತದೆ. ಅಂಕಿ ಏರಿದಂತೆ ದಾರ ತೆಳು. ಈ ತಲೆಕೆಳಗಿನ ಲೆಕ್ಕ ಮುರ್ಸಿಯಾದ ಎಳೆಯ ಕಾಲದ್ದು. ರೇಷ್ಮೆ ಗ್ರಂಥಿಯನ್ನು ಕೈಯಲ್ಲಿ ಎಳೆದರೆ ಒಂದು ಮಿತಿಗಿಂತ ತೆಳುವಾಗುತ್ತಿರಲಿಲ್ಲ. ಇನ್ನೂ ಸಪೂರ ಬೇಕೆಂದರೆ ಲೋಹದ ಫಲಕದ ಸಣ್ಣ ತೂತಿನಲ್ಲಿ ತೂರಿಸಿ ಎಳೆದು ಮೈ ಕೆರೆಸಬೇಕಿತ್ತು. ಒಮ್ಮೆ ಎಳೆದದ್ದು 1ಎಕ್ಸ್, ಇನ್ನೂ ಸಣ್ಣ ತೂತಿನಲ್ಲಿ ಮತ್ತೊಮ್ಮೆ ಎಳೆದದ್ದು 2ಎಕ್ಸ್. ತೂತು ಹೋಯಿತು, ಹುಳು ಹೋಯಿತು, ಎಕ್ಸ್ ಉಳಿಯಿತು. ಈಗ ಅದಕ್ಕೊಂದು ಸುಲಭ ಸೂತ್ರವಿದೆ: ಹನ್ನೊಂದರಿಂದ ಎಕ್ಸ್ ಅಂಕಿಯನ್ನು ಕಳೆದರೆ ದಾರದ ದಪ್ಪ ಇಂಚಿನ ಸಾವಿರದ ಲೆಕ್ಕದಲ್ಲಿ ಸಿಗುತ್ತದೆ. 5ಎಕ್ಸ್ ಎಂದರೆ 0.006 ಇಂಚು, ಸುಮಾರು 0.15 ಮಿಲಿಮೀಟರ್. 6ಎಕ್ಸ್ ಎಂದರೆ 0.005 ಇಂಚು. ಕಂಪನಿಗಳು ಇದನ್ನು ಕಟ್ಟುನಿಟ್ಟಾಗಿ ಪಾಲಿಸುತ್ತವೆ ಎಂದೇನೂ ನಂಬಬೇಕಾಗಿಲ್ಲ. ಒಂದೇ ಅಂಕಿಯ ಎರಡು ಗಾಲಿಗಳಲ್ಲಿ ಒಂದರ ದಾರ ಹೆಚ್ಚು ಗಟ್ಟಿ ಎಂದು ಚೀಟಿ ಹೇಳಿದರೆ, ಅದು ಹೆಚ್ಚು ದಪ್ಪವೂ ಇದೆಯೇ ಎಂದು ಮೈಕ್ರೋಮೀಟರಿನಲ್ಲಿ ಹಿಡಿದು ನೋಡುವುದು ಒಳ್ಳೆಯದು.

ರೇಷ್ಮೆ ಎಳೆಯ ಕಾಲವನ್ನು ನೆನೆದು ನಿಟ್ಟುಸಿರು ಬಿಡುವವರು ಈಗಲೂ ಇದ್ದಾರೆ. ನನಗೆ ಆ ಹಂಬಲ ಇಲ್ಲ. ಒಣಗಿದ್ದಾಗ ಅದು ಕಡ್ಡಿಯಷ್ಟು ಗಡಸು, ಗಂಟು ಹಾಕಿದರೆ ಪಟ್ಟೆಂದು ಮುರಿಯುವುದು. ಹಿಂದಿನ ರಾತ್ರಿಯೇ ನೀರಿನಲ್ಲಿ ನೆನೆಹಾಕಬೇಕು, ಬೆಳಿಗ್ಗೆ ಒದ್ದೆ ಬಟ್ಟೆಯ ಪದರವಿರುವ ತಗಡಿನ ಡಬ್ಬಿಯಲ್ಲಿಟ್ಟು ಹೊಳೆಗೆ ಒಯ್ಯಬೇಕು. ಒಂದೊಂದು ಎಳೆಯೂ ಒಂದೂವರೆ ಅಡಿಗಿಂತ ಉದ್ದವಿಲ್ಲದ್ದರಿಂದ ಒಂಬತ್ತು ಅಡಿಯ ಲೀಡರಿಗೆ ಆರೇಳು ಗಂಟು. ಇಂಗ್ಲೆಂಡಿನ ಹ್ಯಾಂಪ್‌ಷೈರಿನ ಟೆಸ್ಟ್ ಮತ್ತು ಇಚೆನ್ ಹೊಳೆಗಳ ದಂಡೆಯಲ್ಲಿ ಡ್ರೈ ಫ್ಲೈಯನ್ನು ಒಂದು ಶಾಸ್ತ್ರವನ್ನಾಗಿ ಮಾಡಿದ ಫ್ರೆಡ್ರಿಕ್ ಹಾಲ್ಫರ್ಡ್ 1886ರಲ್ಲಿ ತೇಲುವ ಹುಳುಗಳ ಮೇಲೆ ತನ್ನ ಮೊದಲ ಪುಸ್ತಕ ತಂದಾಗ ಇದ್ದ ಸಾಮಗ್ರಿ ಇದೇ. 1890ರಲ್ಲಿ ಅಮೆರಿಕದ ಕ್ಯಾಟ್‌ಸ್ಕಿಲ್ ಬೆಟ್ಟಗಳ ಥಿಯೋಡೋರ್ ಗಾರ್ಡನ್ ಹಾಲ್ಫರ್ಡನಿಂದ ಹುಳುಗಳ ಮಾದರಿ ತರಿಸಿಕೊಂಡು ಅಲ್ಲಿಯ ನೀರಿಗೆ ಒಗ್ಗಿಸಿದಾಗಲೂ ತುದಿಯಲ್ಲಿ ಇದ್ದದ್ದು ಇದೇ. ಇಂಥ ದಾರದಲ್ಲಿ ಅವರು ದೊಡ್ಡ ಮೀನು ಹಿಡಿದದ್ದು ಅವರ ಕೈಯ ಹದಕ್ಕೆ ಸಾಕ್ಷಿ, ದಾರದ ಗುಣಕ್ಕಲ್ಲ.

1935ರಲ್ಲಿ ಡ್ಯುಪಾಂಟ್ ಕಂಪನಿಯ ವ್ಯಾಲೇಸ್ ಕರೋದರ್ಸ್ ಪ್ರಯೋಗಾಲಯದಲ್ಲಿ ನೈಲಾನ್ ಹುಟ್ಟಿತು. 1938ರಲ್ಲಿ ಜಗತ್ತಿಗೆ ಪ್ರಕಟವಾಯಿತು. ಅದೇ ಹೊತ್ತಿಗೆ, 1936ರಿಂದ 1939ರವರೆಗೆ, ರೇಷ್ಮೆ ಎಳೆ ಬರುತ್ತಿದ್ದ ಸ್ಪೇನಿನಲ್ಲಿ ಅಂತರ್ಯುದ್ಧ ನಡೆದಿತ್ತು. ಹಿಂದೆಯೇ ಮಹಾಯುದ್ಧ. ಮೊದಲ ನೈಲಾನ್ ದಾರಗಳನ್ನು ಗಾಳದವರು ಬೈದುಕೊಂಡೇ ಕೊಂಡರು: ಹೊಳೆಯುತ್ತದೆ, ಸುರುಳಿ ಬಿಡಿಸಿಕೊಳ್ಳುವುದಿಲ್ಲ, ಗಂಟು ಜಾರುತ್ತದೆ. ಆದರೆ ನೆನೆಹಾಕುವ ಕಾಟವಿಲ್ಲ, ಎಷ್ಟು ಉದ್ದ ಬೇಕಾದರೂ ಸಿಗುತ್ತದೆ, ಕೊಳೆಯುವುದಿಲ್ಲ. ಯುದ್ಧ ಮುಗಿದು ಹೆಚ್ಚು ಕಾಲ ಕಳೆಯುವ ಮೊದಲೇ ಹುಳುವಿನ ಎಳೆ ಮಾರುಕಟ್ಟೆಯಿಂದ ಇಳಿಯಿತು. ಈಗಿನ ನೈಲಾನ್ ಬೇರೆಬೇರೆ ನೈಲಾನುಗಳ ಮಿಶ್ರಣ, ಕೋಪಾಲಿಮರ್. ಇಂದಿನ 5ಎಕ್ಸ್ ಎರಡು ಕಿಲೋಗೂ ಮೀರಿ ತಡೆಯುತ್ತದೆ. ಹಾಲ್ಫರ್ಡನ ಕಾಲದವರು ಅಷ್ಟೇ ತೆಳುವಿನ ಎಳೆಯಲ್ಲಿ ಅಷ್ಟು ಬಲವನ್ನು ಕನಸಿನಲ್ಲೂ ಕಂಡಿರಲಾರರು.

ಇಲ್ಲಿಗೇ ಕಥೆ ನಿಂತಿದ್ದರೆ ಆಯ್ಕೆಯ ಗೊಂದಲ ಇರುತ್ತಿರಲಿಲ್ಲ. 1971ರಲ್ಲಿ ಜಪಾನಿನ ಕುರೇಹಾ ಕಂಪನಿ ಸೀಗ್ವಾರ್ ಎಂಬ ಹೆಸರಿನಲ್ಲಿ ಫ್ಲೋರೋಕಾರ್ಬನ್ ದಾರ ತಂದಿತು. ರಸಾಯನದ ಹೆಸರು ಪಾಲಿವಿನೈಲಿಡೀನ್ ಫ್ಲೋರೈಡ್. ಅದರ ಪರವಾಗಿ ಹೇಳುವ ಮುಖ್ಯ ಮಾತು, ನೀರಿನಲ್ಲಿ ಕಾಣುವುದಿಲ್ಲ ಎಂಬುದು. ಈ ಮಾತಿಗೆ ಆಧಾರ ಇಲ್ಲದಿಲ್ಲ. ಬೆಳಕು ಬಾಗುವ ಪ್ರಮಾಣ ನೀರಿಗೆ 1.33, ಈ ದಾರಕ್ಕೆ 1.42, ನೈಲಾನಿಗೆ 1.53ರ ಆಚೆ. ಎರಡು ವಸ್ತುಗಳ ಅಂಕಿ ಹತ್ತಿರವಾದಷ್ಟೂ ಒಂದರೊಳಗೆ ಇನ್ನೊಂದು ಕರಗಿದಂತೆ ಕಾಣುತ್ತದೆ. ನೀರು ಹೀರದ ಕಾರಣ ಒದ್ದೆಯಾದರೂ ಬಲ ಕುಗ್ಗುವುದಿಲ್ಲ, ಕಲ್ಲಿಗೆ ಉಜ್ಜಿದರೆ ನೈಲಾನಿಗಿಂತ ಹೆಚ್ಚು ತಡೆಯುತ್ತದೆ, ಬಿಸಿಲಿಗೂ ಜಗ್ಗುವುದಿಲ್ಲ. ಬೆಲೆ ನೈಲಾನಿನ ಎರಡು ಮೂರು ಪಟ್ಟು. ಇಷ್ಟೆಲ್ಲ ಗುಣ ಕೇಳಿದ ಮೇಲೆ ಹೊಸಬರು ಜೇಬಿಗೆ ಕೈಹಾಕುವುದು ಸಹಜ.

ಅಂಗಡಿಯವರ ಮಾತನ್ನು ಮೀನಿನ ಕಡೆಯಿಂದ ಒಮ್ಮೆ ಪರೀಕ್ಷಿಸಬೇಕು. ನೀರೊಳಗಿಂದ ಮೇಲೆ ನೋಡುವ ಟ್ರೌಟಿಗೆ ಹೊರಗಿನ ಲೋಕ ಕಾಣುವುದು ತಲೆಯ ಮೇಲಿನ ಒಂದು ದುಂಡು ಕಿಂಡಿಯಿಂದ ಮಾತ್ರ. ಬೆಳಕು ಬಾಗುವುದರಿಂದ ಸುಮಾರು 97 ಡಿಗ್ರಿ ಕೋನದ ಆಚೆಗೆ ನೀರಿನ ಮೇಲ್ಮೈ ಕನ್ನಡಿಯಾಗಿಬಿಡುತ್ತದೆ, ಅದರಲ್ಲಿ ಹೊಳೆಯ ತಳದ ಬಿಂಬವೇ ಕಾಣುತ್ತದೆ. ಪೆನ್ಸಿಲ್ವೇನಿಯಾದ ಲೆಟಾರ್ಟ್ ಹೊಳೆಯಲ್ಲಿ ಬೇಟೆಯಾಡುತ್ತಿದ್ದ ವಿನ್ಸೆಂಟ್ ಮರಿನಾರೋ 1976ರ ತನ್ನ ಪುಸ್ತಕದಲ್ಲಿ, ಇಂಗ್ಲೆಂಡಿನ ಬ್ರಯಾನ್ ಕ್ಲಾರ್ಕ್ ಮತ್ತು ಜಾನ್ ಗಾಡರ್ಡ್ 1980ರಲ್ಲಿ, ಈ ನೋಟವನ್ನು ಫೋಟೋ ತೆಗೆದು ತೋರಿಸಿದರು. ದೂರದಿಂದ ತೇಲಿಬರುವ ಹುಳು ಮೀನಿಗೆ ಮೊದಲು ಕಾಣುವುದು ಆ ಕನ್ನಡಿಯಲ್ಲಿ ಕಾಲು ಊರಿ ಒತ್ತಿದ ಮಿನುಗು ಚುಕ್ಕೆಗಳಾಗಿ.

ತೇಲುವ ಟಿಪ್ಪೆಟ್ಟೂ ಅದೇ ಕನ್ನಡಿಯನ್ನು ಉದ್ದಕ್ಕೂ ಒತ್ತುತ್ತದೆ. ಬಿಸಿಲಿದ್ದು ನೀರು ತಿಳಿಯಿದ್ದರೆ, ಮೊಣಕಾಲುದ್ದದ ನೀರಿನಲ್ಲಿ ನಿಂತು ತಳದ ಮರಳನ್ನು ನೋಡಿ: ಕೂದಲೆಳೆಯಷ್ಟು ತೆಳು ದಾರದ ನೆರಳು ಬೆರಳಷ್ಟು ಅಗಲವಾಗಿ, ಅಂಚಿನಲ್ಲಿ ಬೆಳಕಿನ ಗೆರೆ ಹೊತ್ತು, ಮರಳಿನ ಮೇಲೆ ಹರಿದಾಡುತ್ತಿರುತ್ತದೆ. ಆ ನೆರಳು ದಾರದ್ದಲ್ಲ, ದಾರ ತಗ್ಗಿಸಿದ ನೀರಿನ ಮೈಯದು. ಅಲ್ಲಿ ನೀರೇ ಮಸೂರವಾಗಿದೆ. ದಾರ 1.42ರದ್ದಾದರೇನು, 1.53ರದ್ದಾದರೇನು, ತಗ್ಗು ಅಷ್ಟೇ. ಫ್ಲೋರೋಕಾರ್ಬನ್ ಭಾರದ ವಸ್ತು, ಮುಳುಗುತ್ತದಲ್ಲ ಎನ್ನಬಹುದು. ನೀರಿಗಿಂತ ಅದರ ಸಾಂದ್ರತೆ ಸುಮಾರು 1.78 ಪಟ್ಟು, ನೈಲಾನಿನದು 1.14 ಪಟ್ಟು, ನಿಜ. ಆದರೆ ಇಷ್ಟು ತೆಳುವಿನಲ್ಲಿ ತೂಕದ ಆಟ ನಡೆಯುವುದಿಲ್ಲ. ನೀರಿನ ಮೇಲ್ಮೈ ಸೆಳೆತ ಎರಡನ್ನೂ ಹೊತ್ತುಕೊಳ್ಳುತ್ತದೆ. ಬೆರಳಿನ ಜಿಡ್ಡು ತಗುಲಿದ್ದರಂತೂ ಹೇಳುವುದೇ ಬೇಡ.

ಇದಕ್ಕೆ ಇಂಗ್ಲಿಷರು ಕಂಡುಕೊಂಡ ಮದ್ದು ನಮ್ಮ ಮನೆಗಳಲ್ಲೂ ಇದೆ. ಮುಖಕ್ಕೆ ಹಚ್ಚುವ ಮುಲ್ತಾನಿ ಮಿಟ್ಟಿಗೆ ಪಾತ್ರೆ ತೊಳೆಯುವ ದ್ರವ, ಕೆಲವು ಹನಿ ಗ್ಲಿಸರಿನ್ ಸೇರಿಸಿ ಗಟ್ಟಿ ಕಲಸಿ ಚಿಕ್ಕ ಡಬ್ಬಿಯಲ್ಲಿ ಇಟ್ಟುಕೊಳ್ಳುತ್ತಾರೆ. ಹುಳು ಕಟ್ಟಿದ ಮೇಲೆ ಕಡಲೆ ಗಾತ್ರದಷ್ಟು ತೆಗೆದು, ಹುಳುವಿನ ಹತ್ತಿರದ ಒಂದೆರಡು ಅಡಿ ಟಿಪ್ಪೆಟ್ಟನ್ನು ಅದರ ನಡುವೆ ಹಿಡಿದು ಎಳೆಯಬೇಕು. ಜಿಡ್ಡು ಹೋಗಿ ದಾರದ ಹೊಳಪು ಮಾಸುತ್ತದೆ. ನೀರಿಗೆ ಬಿದ್ದ ಕೂಡಲೇ ಮೈ ಮುರಿದು ಒಳಗಿಳಿಯುತ್ತದೆ. ಹುಳುವಿಗೆ ಮಾತ್ರ ತಾಗಿಸಬಾರದು, ಅದೂ ಮುಳುಗೀತು. ಹತ್ತು ರೂಪಾಯಿಯ ಈ ಮಣ್ಣು, ದುಬಾರಿ ಗಾಲಿ ಕೊಡುತ್ತೇನೆಂದು ಹೇಳಿದ್ದನ್ನು ಸುಮ್ಮನೆ ಮಾಡಿ ಮುಗಿಸುತ್ತದೆ.

ಆದರೂ ಮೀನು ಹುಳುವನ್ನು ಒಲ್ಲೆನೆನ್ನುವುದು ಬಹುಪಾಲು ದಾರ ಕಂಡದ್ದಕ್ಕಲ್ಲ. ಹುಳುವಿನ ನಡಿಗೆ ಕೆಟ್ಟಿದ್ದಕ್ಕೆ. ನ್ಯೂಯಾರ್ಕ್ ಮತ್ತು ಪೆನ್ಸಿಲ್ವೇನಿಯಾ ಗಡಿಯಲ್ಲಿ ಹರಿಯುವ ಡೆಲಾವೇರ್ ನದಿಯ ಮೇಲ್ಭಾಗವನ್ನೇ ತೆಗೆದುಕೊಳ್ಳಿ. ನ್ಯೂಯಾರ್ಕ್ ನಗರದ ಕುಡಿಯುವ ನೀರಿಗಾಗಿ ಕಟ್ಟಿದ ಕ್ಯಾನನ್ಸ್‌ವಿಲ್ ಮತ್ತು ಪೆಪ್ಯಾಕ್ಟನ್ ಜಲಾಶಯಗಳ ತಳದಿಂದ ತಣ್ಣನೆಯ ನೀರು ಬಿಡುವುದರಿಂದ ಅಲ್ಲಿ ಬೇಸಿಗೆಯಲ್ಲೂ ಟ್ರೌಟ್ ಬಾಳುತ್ತದೆ. ನ್ಯೂಜೆರ್ಸಿಯ ಕನ್ನಡಿಗರಿಗೆ ಎರಡು ಮೂರು ಗಂಟೆಯ ಕಾರು ದಾರಿ. ಅಗಲವಾದ, ಉದ್ದನೆಯ ಮಡುಗಳು; ಮೇಲಿಂದ ನೋಡಿದರೆ ನೀರು ಒಂದೇ ಹಾಳೆಯಾಗಿ ಜಾರುತ್ತಿದೆ ಅನಿಸುತ್ತದೆ. ಹಾಗಿಲ್ಲ. ಒಂದೊಂದು ಮೊಳಕ್ಕೂ ಸೆಳವಿನ ವೇಗ ಬೇರೆ. ಏಪ್ರಿಲ್ ಕೊನೆಯ ಮಧ್ಯಾಹ್ನಗಳಲ್ಲಿ ಹೆಂಡ್ರಿಕ್ಸನ್ ಎಂಬ ಕಂದು ಮೇಫ್ಲೈ ನೀರಿಂದೆದ್ದು, ರೆಕ್ಕೆ ಒಣಗುವವರೆಗೆ ಮೇಲ್ಮೈಯಲ್ಲಿ ಕೂತು ತೇಲಿಬರುತ್ತದೆ. ಅದು ಸೆಳವು ಕೊಂಡೊಯ್ದಂತೆ ಹೋಗುತ್ತದೆ, ಪಕ್ಕಕ್ಕೆ ಜರುಗುವುದಿಲ್ಲ. ನಮ್ಮ ನಕಲಿ ಹುಳು ಇರುವ ಸೆಳವು ನಿಧಾನ, ದಾರ ಬಿದ್ದ ಸೆಳವು ಚುರುಕು ಎಂದುಕೊಳ್ಳಿ. ದಾರ ಬಿಲ್ಲಿನಂತೆ ಬಾಗಿ ಹುಳುವನ್ನು ಎಳೆಯತೊಡಗುತ್ತದೆ. ಜೋರಾಗಿ ಎಳೆದರೆ ಹುಳುವಿನ ಹಿಂದೆ ಸಣ್ಣ ಗೀರು ಮೂಡುತ್ತದೆ, ನಮಗೂ ಗೊತ್ತಾಗುತ್ತದೆ. ಕಷ್ಟವಿರುವುದು ನಮಗೆ ಕಾಣದ ಎಳೆತದಲ್ಲಿ. ಐವತ್ತು ಅಡಿ ದೂರದಿಂದ ನೋಡುವ ನಮ್ಮ ಕಣ್ಣಿಗೆ ಹುಳು ಸರಿಯಾಗೇ ತೇಲುತ್ತಿದೆ. ಮೂಗಿನ ಮುಂದೆ ಇಟ್ಟುಕೊಂಡು ನೋಡುವ ಮೀನಿಗೆ ಅದು ಅರ್ಧ ಇಂಚು ಅಡ್ಡಕ್ಕೆ ಸರಿದದ್ದು ಕಾಣುತ್ತದೆ. ಅದು ಮೇಲಕ್ಕೆದ್ದು, ಹುಳುವಿನ ಜೊತೆಗೇ ಒಂದಿಷ್ಟು ಹಿಂದಕ್ಕೆ ತೇಲಿ, ಬಾಯಿ ತೆರೆಯದೆ ಇಳಿದುಹೋಗುತ್ತದೆ.

ಆಗ ದಂಡೆಯಲ್ಲಿ ನಿಂತವನು ಮಾಡುವ ಮೊದಲ ಕೆಲಸ 5ಎಕ್ಸ್ ಬಿಚ್ಚಿ 6ಎಕ್ಸ್ ಕಟ್ಟುವುದು. ಮೀನು ಹಿಡಿದುಬಿಟ್ಟರೆ, ನೋಡಿದಿರಾ, ದಾರ ಕಾಣುತ್ತಿತ್ತು ಎನ್ನುತ್ತಾನೆ. ಕೆಲಸ ಮಾಡಿದ್ದು ತೆಳುವಲ್ಲ, ತೆಳುವಿನ ಜೊತೆ ಬಂದ ಮೆದುತನ. ಈ ಲೆಕ್ಕ ಸ್ವಲ್ಪ ಬಿಡಿಸಿ ನೋಡುವಂಥದ್ದು. ದುಂಡು ಎಳೆಯ ಬಾಗದ ಗಡಸುತನ ಅದರ ವ್ಯಾಸದ ನಾಲ್ಕನೇ ಘಾತಕ್ಕೆ ಅನುಗುಣ. ಎಳೆಯ ಬಲ ಎರಡನೇ ಘಾತಕ್ಕೆ. 5ಎಕ್ಸ್‌ನಿಂದ 6ಎಕ್ಸ್‌ಗೆ ಹೋದರೆ ಗಡಸುತನ ಅರ್ಧಕ್ಕಿಳಿಯುತ್ತದೆ, ಬಲ ಸುಮಾರು ಶೇ. 30ರಷ್ಟು ಕಳೆದುಹೋಗುತ್ತದೆ. ಇನ್ನೊಂದು ದಾರಿ ಇದೆ. ಒಂದು ತುದಿ ಹಿಡಿದ ಕಡ್ಡಿಯ ಇನ್ನೊಂದು ತುದಿ ಎಷ್ಟು ಸುಲಭವಾಗಿ ಬಾಗುತ್ತದೆ ಎಂಬುದು ಉದ್ದದ ಮೂರನೇ ಘಾತಕ್ಕೆ ಅನುಗುಣ. ಎರಡು ಅಡಿಯ ಟಿಪ್ಪೆಟ್ಟನ್ನು ನಾಲ್ಕು ಅಡಿ ಮಾಡಿದರೆ ತುದಿಯ ಬಿಗಿ ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ, ಬಲ ಒಂದಿಷ್ಟೂ ಕುಗ್ಗುವುದಿಲ್ಲ. ನೀರಿನ ಮೇಲೆ ಮಲಗಿದ ದಾರ ಗೋಡೆಗೆ ಹೊಡೆದ ಕಡ್ಡಿಯಂತೆ ವರ್ತಿಸುವುದಿಲ್ಲ ಎಂದು ಎಂಜಿನಿಯರ್ ಓದುಗರು ಆಕ್ಷೇಪಿಸಬಹುದು, ಒಪ್ಪುತ್ತೇನೆ. ಅಂಕಿ ಅಷ್ಟೇ ಆಗಿರಲಾರದು, ದಿಕ್ಕು ಅದೇ. ಮೀನು ಒಲ್ಲೆನೆಂದಾಗ ಮೊದಲು ಉದ್ದ ಮಾಡಿ, ಆಮೇಲೂ ಒಲ್ಲೆನೆಂದರೆ ತೆಳು ಮಾಡಿ ಎನ್ನುವುದು ನನ್ನ ಪಕ್ಷ.

ಉದ್ದದ ಈ ಮಹಿಮೆಯನ್ನು ಕ್ರಮವಾಗಿ ಕಲಿಸಿದವನು ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಜಾರ್ಜ್ ಹಾರ್ವಿ. ವಿಶ್ವವಿದ್ಯಾಲಯದಲ್ಲಿ ಗಾಳ ಹಾಕುವುದನ್ನು ಪಾಠವಾಗಿ ಹೇಳಿಕೊಟ್ಟ ಪುಣ್ಯಾತ್ಮ. ಅವನಿಗಿಂತ ಮುಂಚೆ ಚಾಲ್ತಿಯಲ್ಲಿದ್ದದ್ದು ಚಾರ್ಲ್ಸ್ ರಿಟ್ಜ್‌ನ 60-20-20 ಸೂತ್ರ. ಈ ರಿಟ್ಜ್, ಪ್ಯಾರಿಸ್ಸಿನ ರಿಟ್ಜ್ ಹೋಟೆಲು ಕಟ್ಟಿದವನ ಮಗ. ಹೋಟೆಲಿನಷ್ಟೇ ಆಸ್ಥೆಯಿಂದ ಗಾಳವನ್ನೂ ನೋಡಿಕೊಂಡವನು. ಅವನ ಪ್ರಕಾರ ಲೀಡರಿನ ಶೇ. 60 ಭಾಗ ಗಡಸು ಬುಡ, 20 ಇಳಿಜಾರು, 20 ಟಿಪ್ಪೆಟ್. ಅಂಥ ಲೀಡರ್ ಗಾಳಿಯನ್ನು ಸೀಳಿ ನೆಟ್ಟಗೆ ಬಿಚ್ಚಿಕೊಳ್ಳುತ್ತದೆ, ನೋಡಲು ಚೆಂದ. ನೆಟ್ಟಗೆ ಬಿದ್ದ ದಾರದಲ್ಲಿ ಸಡಿಲವೇ ಇಲ್ಲದ್ದರಿಂದ ಸೆಳವು ಮುಟ್ಟಿದ ಕ್ಷಣವೇ ಹುಳು ಎಳೆಯಲ್ಪಡುತ್ತದೆ. ಹಾರ್ವಿ ಬುಡವನ್ನು ತೆಳು ಮಾಡಿ, ತುದಿಯ ತುಂಡುಗಳನ್ನು ಮೆದು ಮತ್ತು ಉದ್ದ ಮಾಡಿದ. ಅವನ ಲೀಡರ್ ಬಿದ್ದಾಗ ಟಿಪ್ಪೆಟ್ ಹಾವು ಹರಿದ ಗುರುತಿನ ಹಾಗೆ ಅಂಕುಡೊಂಕಾಗಿ ಕೂರುತ್ತದೆ. ಆ ಡೊಂಕುಗಳನ್ನು ಸೆಳವು ಒಂದೊಂದಾಗಿ ನೇರ ಮಾಡುವವರೆಗೆ ಹುಳು ಸ್ವತಂತ್ರ. ಪರೀಕ್ಷೆಯೂ ಸುಲಭ: ನೆಟ್ಟಗೆ ಬಿದ್ದರೆ ಟಿಪ್ಪೆಟ್ ಇನ್ನೂ ಅರ್ಧ ಅಡಿ ಉದ್ದವಾಗಲಿ, ಹುಳುವಿನ ಸುತ್ತ ಗುಪ್ಪೆಯಾಗಿ ಬಿದ್ದರೆ ಅರ್ಧ ಅಡಿ ಕತ್ತರಿಸಿ. ಹುಳು ಬದಲಿಸಿದಾಗ ಮತ್ತೆ ನೋಡಬೇಕು, ಏಕೆಂದರೆ ಒಂದೊಂದು ಹುಳುವೂ ಗಾಳಿಯನ್ನು ಒಂದೊಂದು ರೀತಿ ತಡೆಯುತ್ತದೆ.

ಡೆಲಾವೇರಿನಂಥ ಸಪಾಟು ನೀರಿಗೆ ಒಟ್ಟು ಹನ್ನೆರಡರಿಂದ ಹದಿನೈದು ಅಡಿ, ಅದರಲ್ಲಿ ನಾಲ್ಕು ಅಡಿ ಟಿಪ್ಪೆಟ್. ಎದುರುಗಾಳಿ ಇದ್ದರೆ ಈ ಮಾತೆಲ್ಲ ಬಿಟ್ಟು ಒಂಬತ್ತಕ್ಕೆ ಬನ್ನಿ. ದಪ್ಪ ಪುಕ್ಕದ ದೊಡ್ಡ ಹುಳುವನ್ನು 6ಎಕ್ಸ್‌ಗೆ ಕಟ್ಟಿದರೆ ಅದು ಗಾಳಿಯಲ್ಲಿ ಗಿರಗಿರ ತಿರುಗಿ ದಾರವನ್ನು ಹುರಿ ಮಾಡಿಬಿಡುತ್ತದೆ. ಮುಳ್ಳಿನ ಅಂಕಿಯನ್ನು ಮೂರರಿಂದ ಭಾಗಿಸಿದರೆ ಹೊಂದುವ ಎಕ್ಸ್ ಸಿಗುತ್ತದೆ ಎಂಬ ವಾಡಿಕೆ ಇದೆ. 16ನೇ ಅಂಕಿಯ ಮುಳ್ಳಿಗೆ 5ಎಕ್ಸ್, 12ಕ್ಕೆ 4ಎಕ್ಸ್. ಹೆಚ್ಚಿನ ಮಟ್ಟಿಗೆ ಸರಿಬರುತ್ತದೆ. ಲೀಡರಿನ ತುದಿಗೂ ಟಿಪ್ಪೆಟ್ಟಿಗೂ ಎರಡು ಎಕ್ಸ್‌ಗಿಂತ ಹೆಚ್ಚಿನ ಅಂತರ ಇಡಬಾರದು; ಇಟ್ಟರೆ ಗಂಟಿನ ಜಾಗ ಬಾಗಿಲ ತಿರುಗಣಿಯಾಗಿ ಬಲ ಅಲ್ಲೇ ನಿಲ್ಲುತ್ತದೆ.

ಹಾಗಾದರೆ ಡ್ರೈ ಫ್ಲೈಗೆ ಯಾವ ದಾರ? ನೈಲಾನ್. ನೀರು ಕುಡಿದು ಮೆದುವಾಗುವುದು ಅದರ ದೋಷವೆಂದು ಜಾಹೀರಾತು ಹೇಳುತ್ತದೆ. ನಮಗೆ ಬೇಕಾದದ್ದೇ ಆ ಮೆದುತನ. ಎಳೆದರೆ ಹಿಗ್ಗುವುದೂ ಅನುಕೂಲವೇ. ಮೀನು ಹುಳು ಕಚ್ಚಿದಾಗ ಗಾಬರಿಯಲ್ಲಿ ಕೋಲನ್ನು ಜೋರಾಗಿ ಎತ್ತುವವರೇ ಹೆಚ್ಚು, ಆ ಏಟನ್ನು ನುಂಗಿಕೊಳ್ಳುವುದು ದಾರದ ಹಿಗ್ಗು. ಅಷ್ಟೇ ದಪ್ಪದ ಫ್ಲೋರೋಕಾರ್ಬನ್ ಸಾಮಾನ್ಯವಾಗಿ ಹೆಚ್ಚು ಗಡಸು. ಅದರ ಜಾಗ ನೀರೊಳಗೆ ಮುಳುಗಿಸಿ ಆಡಿಸುವ ನಿಂಫ್ ಹುಳುಗಳ ಬೇಟೆಯಲ್ಲಿ; ಅಲ್ಲಿ ಮುಳುಗುವ ಗುಣ, ಕಲ್ಲು ತಡೆಯುವ ಗುಣ, ಕಾಣದ ಗುಣ ಎಲ್ಲವೂ ಉಪಯೋಗಕ್ಕೆ ಬರುತ್ತವೆ. ಇನ್ನೊಂದು ವಿಷಯ: ಅದು ಪರಿಸರದಲ್ಲಿ ಕೊಳೆಯದೆ ಉಳಿಯುವುದರಿಂದ ಈಗ ಚರ್ಚೆಯಲ್ಲಿರುವ ಫ್ಲೋರಿನ್ ರಾಸಾಯನಿಕಗಳ ಕುಟುಂಬಕ್ಕೇ ಸೇರಿದ ಪ್ಲಾಸ್ಟಿಕ್ಕು. ಕತ್ತರಿಸಿದ ತುಂಡನ್ನು ಹೊಳೆಗೆ ಬಿಸಾಡುವ ಅಭ್ಯಾಸ ಯಾವ ದಾರದ್ದಾದರೂ ಕೆಟ್ಟದ್ದು, ಹಕ್ಕಿಗಳ ಕಾಲಿಗೆ ಸುತ್ತಿಕೊಳ್ಳುತ್ತದೆ. ಇದರದ್ದು ಇನ್ನೂ ಕೆಟ್ಟದ್ದು.

ದಾರದ ಹೆಸರಿಗಿಂತ ಗಂಟು ಮುಖ್ಯ ಎಂದರೆ ಯಾರೂ ಕೇಳಿಸಿಕೊಳ್ಳುವುದಿಲ್ಲ, ಗಂಟನ್ನು ಯಾರೂ ಮಾರುವುದಿಲ್ಲವಲ್ಲ. ಟಿಪ್ಪೆಟ್ ಸೇರಿಸಲು ಸರ್ಜನ್ ಗಂಟು ಸಾಕು: ಲೀಡರಿನ ತುದಿಯನ್ನೂ ಹೊಸ ದಾರವನ್ನೂ ಪಕ್ಕಪಕ್ಕ ಇಟ್ಟು, ಎರಡನ್ನೂ ಒಟ್ಟಿಗೆ ಕುಣಿಕೆ ಮಾಡಿ, ತುದಿಗಳನ್ನು ಅದರೊಳಗೆ ಎರಡು ಸಲ, ಫ್ಲೋರೋಕಾರ್ಬನ್ ಆದರೆ ಮೂರು ಸಲ, ತೂರಿಸಿ ತೆಗೆಯುವುದು. ಬಿಗಿಯುವ ಮುಂಚೆ ಎಂಜಲು ಹಚ್ಚಿ ಒದ್ದೆ ಮಾಡಬೇಕು. ಒಣ ದಾರ ದಾರದ ಮೇಲೆ ಉಜ್ಜಿದರೆ ಬಿಸಿ ಹುಟ್ಟುತ್ತದೆ, ಆ ಬಿಸಿಗೆ ಗಂಟಿನೊಳಗೇ ದಾರ ಸೊರಗುತ್ತದೆ. ನಾಲ್ಕೂ ತುದಿಯನ್ನು ಸಮವಾಗಿ, ನಿಧಾನಕ್ಕೆ ಎಳೆದು ಕೂರಿಸಿ, ಆಮೇಲೆ ಒಮ್ಮೆ ಗಟ್ಟಿಯಾಗಿ ಜಗ್ಗಿ ನೋಡಬೇಕು. ಹರಿಯುವುದಿದ್ದರೆ ಕೈಯಲ್ಲೇ ಹರಿಯಲಿ. ಮೀನು ಕಿತ್ತುಕೊಂಡು ಹೋದಾಗ ಉಳಿದ ತುದಿಯನ್ನು ನೋಡುವುದನ್ನೂ ರೂಢಿ ಮಾಡಿಕೊಳ್ಳಿ. ತುದಿ ಸುರುಳಿ ಸುತ್ತಿದ್ದರೆ ಗಂಟು ಜಾರಿದೆ, ತಪ್ಪು ನಿಮ್ಮ ಬೆರಳಿನದು. ತುಂಡರಿಸಿದಂತೆ ಚೂಪಾಗಿದ್ದರೆ ಮಾತ್ರ ದಾರವನ್ನು ಬೈಯಬಹುದು. ಬೀಸುವಾಗ ತಾನಾಗಿ ಬೀಳುವ ಗಂಟೊಂದಿದೆ. ಗಾಳಿಯ ಗಂಟು ಎಂದು ಗಾಳಿಯ ಮೇಲೆ ಹಾಕುತ್ತಾರೆ, ಬೀಳುವುದು ಕೆಟ್ಟ ಬೀಸಿನಿಂದ. ಅದು ದಾರದ ಅರ್ಧ ಬಲವನ್ನೇ ತಿನ್ನಬಲ್ಲದು. ಆಗಾಗ ಬೆರಳಾಡಿಸಿ ಹುಡುಕಿ, ಸಿಕ್ಕರೆ ಬಿಚ್ಚುವ ಗೋಜಿಗೆ ಹೋಗದೆ ಕತ್ತರಿಸಿ.

ನೈಲಾನಿನ ನಿಜವಾದ ಶತ್ರು ಬಿಸಿಲು. ಕಾರಿನ ಗಾಜಿನ ಕೆಳಗೆ ಬೇಸಿಗೆ ಕಳೆದ ಗಾಲಿ ನೋಡಲು ಹೊಸದರಂತೆಯೇ ಇರುತ್ತದೆ, ಬಲ ಮಾತ್ರ ಕುಂದಿರುತ್ತದೆ. ತೆಳು ಟಿಪ್ಪೆಟ್ಟನ್ನು ವರ್ಷಕ್ಕೊಮ್ಮೆ ಹೊಸದು ಕೊಳ್ಳಿ. ದುಬಾರಿಯದನ್ನು ಮೂರು ವರ್ಷ ಇಟ್ಟುಕೊಳ್ಳುವುದಕ್ಕಿಂತ ಅಗ್ಗದ್ದನ್ನು ಪ್ರತಿ ವರ್ಷ ಕೊಳ್ಳುವುದು ಲೇಸು. ರಿಯಾಯಿತಿಯ ಬುಟ್ಟಿಯಲ್ಲಿ ಸಿಕ್ಕ ಗಾಲಿಯ ವಯಸ್ಸು ಅಂಗಡಿಯವರಿಗೇ ಗೊತ್ತಿರುವುದಿಲ್ಲ.

ತೆಳು ದಾರದ ಬಗ್ಗೆ ನನ್ನ ತಕರಾರಿಗೆ ಇನ್ನೊಂದು ಕಾರಣವಿದೆ. 7ಎಕ್ಸ್‌ನಲ್ಲಿ ದೊಡ್ಡ ಮೀನು ಹಿಡಿದೆ ಎಂದು ಹೇಳಿಕೊಳ್ಳುವುದು ಗಾಳದವರಲ್ಲಿ ಒಂದು ಪದಕವಿದ್ದಂತೆ. ಅಷ್ಟು ತೆಳು ದಾರದಲ್ಲಿ ಮೀನನ್ನು ಬಲವಾಗಿ ಎಳೆಯಲಾಗದು, ಅದು ಸೋತು ಮಗ್ಗುಲಾಗುವವರೆಗೆ ಆಡಿಸುತ್ತಲೇ ಇರಬೇಕು. ದೀರ್ಘ ಹೋರಾಟದಲ್ಲಿ ಅದರ ರಕ್ತದಲ್ಲಿ ಆಮ್ಲ ಏರುತ್ತದೆ. ಬಿಟ್ಟ ಕೂಡಲೇ ಈಜಿಹೋದದ್ದನ್ನು ನೋಡಿ ನಾವು ಸಮಾಧಾನಪಡುತ್ತೇವೆ. ಅದು ಆಮೇಲೆ ಕಲ್ಲಿನ ಸಂದಿಯಲ್ಲಿ ಸತ್ತರೆ ನಮಗೆ ತಿಳಿಯುವುದಿಲ್ಲ. ನೀರು ಬೆಚ್ಚಗಾದಂತೆ ಅದರಲ್ಲಿ ಆಮ್ಲಜನಕ ಕಡಿಮೆ, ಅಪಾಯ ಹೆಚ್ಚು. ನೀರು 20 ಡಿಗ್ರಿ ಸೆಲ್ಸಿಯಸ್ ದಾಟಿದರೆ ಟ್ರೌಟಿಗೆ ಗಾಳ ಹಾಕಬಾರದು ಎಂಬ ರೂಢಿ ಅಮೆರಿಕದಲ್ಲಿ ಬಲವಾಗುತ್ತಿದೆ. ಜೇಬಿನಲ್ಲಿ ಇನ್ನೊಂದು ಗಾಲಿಯ ಬದಲು ಒಂದು ಥರ್ಮಾಮೀಟರ್ ಇಟ್ಟುಕೊಳ್ಳಬಹುದು.

ನಮ್ಮ ದೇಶದಲ್ಲೇ ಇದನ್ನು ಆಡಿ ನೋಡಬೇಕೆನ್ನುವವರು ಬ್ರಿಟಿಷರು ಟ್ರೌಟ್ ತಂದು ಬಿಟ್ಟ ತಣ್ಣೀರಿಗೆ ಹೋಗಬೇಕು. ನಮಗೆ ಹತ್ತಿರದ್ದು ನೀಲಗಿರಿ. ಗಾಳದವರು ಹೆಚ್ಚಾಗಿ ಹೋಗುವುದು ಕಾಶ್ಮೀರಕ್ಕೆ ಮತ್ತು ಹಿಮಾಚಲ ಪ್ರದೇಶದ ತೀರ್ಥನ್ ಕಣಿವೆಗೆ. ತೀರ್ಥನ್ ಡೆಲಾವೇರ್ ಅಲ್ಲ. ಬಂಡೆಯಿಂದ ಬಂಡೆಗೆ ಧುಮುಕುವ ನೀರು, ಮಧ್ಯೆ ಮಂಚದಗಲದ ಮಡುಗಳು. ಹುಳು ಅಲ್ಲಿ ತೇಲುವುದೇ ಎರಡು ಮೂರು ಸೆಕೆಂಡು, ಮೀನಿಗೆ ಪರೀಕ್ಷಿಸಲು ಸಮಯವಿಲ್ಲ. ಹದಿನೈದು ಅಡಿಯ ಲೀಡರ್ ಒಯ್ದರೆ ಪೊದೆಗೆ ಸಿಕ್ಕಿಕೊಂಡು ದಿನ ಹೋಗುತ್ತದೆ. ಏಳೂವರೆ ಅಡಿಯ 4ಎಕ್ಸ್ ನೈಲಾನ್ ಲೀಡರ್ ಎರಡು, 4ಎಕ್ಸ್ ಮತ್ತು 5ಎಕ್ಸ್ ಟಿಪ್ಪೆಟ್ಟಿನ ಗಾಲಿ ಒಂದೊಂದು ಸಾಕು. ದಾರವನ್ನು ನೀರಿನ ಮೇಲೆ ಮಲಗಿಸುವ ಬದಲು ಕೋಲನ್ನು ಎತ್ತರಕ್ಕೆ ಹಿಡಿದು ಟಿಪ್ಪೆಟ್ ಮಾತ್ರ ನೀರು ಮುಟ್ಟುವಂತೆ ನೋಡಿಕೊಂಡರೆ ಎಳೆತದ ಸಮಸ್ಯೆ ಬಹುಪಾಲು ಬಗೆಹರಿಯುತ್ತದೆ. ಮೀನುಗಾರಿಕೆ ಇಲಾಖೆಯ ಪರವಾನಗಿ ಕಡ್ಡಾಯ. ಟ್ರೌಟ್ ಮೊಟ್ಟೆಯಿಡುವ ಕಾಲವಾದ್ದರಿಂದ ನವೆಂಬರಿನಿಂದ ಫೆಬ್ರುವರಿಯವರೆಗೆ ಹೊಳೆ ಮುಚ್ಚಿರುತ್ತದೆ, ಮಾರ್ಚಿನಲ್ಲಿ ತೆರೆಯುತ್ತದೆ.